ಶೇಷಗಿರಿಹಳ್ಳಿಯ ಬಯಲು ಮತ್ತು ಒಂದು ತಪ್ಪು ಚೆಕ್‌ಲಿಸ್ಟ್

ಬಿಡದಿ ಅಂದ ತಕ್ಷಣ ನಮ್ಮ ಹಾಸ್ಟೆಲ್‌ನಲ್ಲಿ ಎರಡೇ ವಿಷಯ ಬರೋದು. ಒಂದು ತಟ್ಟೆ ಇಡ್ಲಿ, ಇನ್ನೊಂದು ವಂಡರ್‌ಲಾ. ಹೋದ ಸೆಮಿಸ್ಟರ್ ಪರೀಕ್ಷೆ ಮುಗಿದ ಮೇಲೆ ನಾವೂ ಒಂದಿಷ್ಟು ಜನ ಹೋಗಿದ್ವಿ. ಆಟೋದವರು ದಾರೀಲಿ ಮಾತಾಡ್ತಾ, "ನೀವೆಲ್ಲ ಇಂಜಿನಿಯರಿಂಗ್ ಓದೋರಾ? ಇಲ್ಲೇ ಪಕ್ಕದಲ್ಲಿ ಹಿಂದೆ ಒಂದು ವಿಮಾನ ಬಿದ್ದಿತ್ತು ನೋಡಿ, ಏರ್‌ಫೋರ್ಸಿನೋರು ಮೂರು ಜನ ಹೋಗ್ಬಿಟ್ರು" ಅಂದ್ರು. "ಹೆಲಿಕಾಪ್ಟರಾ ಅಣ್ಣಾ?" ಅಂತ ನಮ್ಮಲ್ಲೊಬ್ಬ ಕೇಳಿದ. "ಅಲ್ಲ, ಅದೇನೋ ಹೊಸ ವಿಮಾನ, ಪರೀಕ್ಷೆ ಮಾಡ್ತಿದ್ರಂತೆ" ಅಂದ್ರು. ಅಷ್ಟರಲ್ಲಿ ಗೇಟ್ ಬಂತು, ಮಾತು ಅಲ್ಲಿಗೇ ನಿಂತಿತು.

ವಾಪಸ್ ಬಂದ ಮೇಲೆ ನನಗೆ ಆ ಮಾತು ಬಿಡಲಿಲ್ಲ. ಹುಡುಕಿ ಓದಿದೆ. ಓದಿದ್ದರಲ್ಲಿ ಇಂಜಿನ್, ಪ್ರೊಪೆಲ್ಲರ್, ಎತ್ತರ ಎಲ್ಲ ಇತ್ತು. ಆದರೆ ಕೊನೆಗೆ ಮನಸ್ಸಿನಲ್ಲಿ ಉಳಿದದ್ದು ಒಂದು ಕಾಗದ. ಯಾವ ಸ್ವಿಚ್ ಆದ ಮೇಲೆ ಯಾವ ಲಿವರ್ ಅಂತ ಬರೆದಿರುತ್ತಾರಲ್ಲ, ಆ ಥರದ ಕಾಗದ. ಅಂಥ ಕಾಗದಗಳನ್ನ ಬರೆಯೋರು ಮುಂದೆ ನಾವೇ. ಅದಕ್ಕೇ ಈ ಲೇಖನ.

ಅವತ್ತು ಏನಾಯ್ತು

2009ರ ಮಾರ್ಚ್ 6, ಶುಕ್ರವಾರ. ಬೆಂಗಳೂರಿನ ಎಚ್‌ಎಎಲ್ ವಿಮಾನ ನಿಲ್ದಾಣದಿಂದ ಮಧ್ಯಾಹ್ನ ಮೂರಕ್ಕೆ ಸ್ವಲ್ಪ ಮೊದಲು 'ಸಾರಸ್' ವಿಮಾನದ ಎರಡನೇ ಮಾದರಿ ಮೇಲೇರಿತು. ದೇವನಹಳ್ಳಿಯ ಹೊಸ ನಿಲ್ದಾಣ ಶುರುವಾಗಿ ಇನ್ನೂ ಒಂದು ವರ್ಷ ಆಗಿರಲಿಲ್ಲ. ಪ್ರಯಾಣಿಕರ ವಿಮಾನಗಳು ಅಲ್ಲಿಗೆ ಹೋದ ಮೇಲೆ ಹಳೇ ನಿಲ್ದಾಣದಲ್ಲಿ ಪರೀಕ್ಷಾ ಹಾರಾಟಗಳು ನಡೀತಾನೇ ಇದ್ದವು.

ಸಾರಸ್ ಅಂದ್ರೆ ಆ ಉದ್ದ ಕಾಲಿನ ಹಕ್ಕಿಯ ಹೆಸರು. ವಿಮಾನವನ್ನು ವಿನ್ಯಾಸ ಮಾಡಿದ್ದು ಬೆಂಗಳೂರಿನದೇ ಆದ ಎನ್‌ಎಎಲ್, ಅಂದರೆ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ. ಹದಿನಾಲ್ಕು ಸೀಟಿನ, ಎರಡು ಇಂಜಿನ್‌ಗಳ ಸಣ್ಣ ವಿಮಾನ. ಇದರ ವಿಶೇಷ ಏನಪ್ಪಾ ಅಂದ್ರೆ ಇಂಜಿನ್‌ಗಳು ರೆಕ್ಕೆಯ ಮೇಲಿಲ್ಲ. ಹಿಂಭಾಗದಲ್ಲಿ ಒಡಲಿನ ಎರಡೂ ಪಕ್ಕ ಕೂತಿವೆ, ಪ್ರೊಪೆಲ್ಲರ್‌ಗಳು ಹಿಂದಕ್ಕೆ ಮುಖ ಮಾಡಿ ವಿಮಾನವನ್ನು ತಳ್ಳುತ್ತವೆ. ಮೊದಲ ಮಾದರಿ 2004ರ ಮೇ 29ರಂದು ಹಾರಿತ್ತು. ಅದರ ತೂಕ ಅಂದುಕೊಂಡಿದ್ದಕ್ಕಿಂತ ಜಾಸ್ತಿ ಬಂದದ್ದರಿಂದ, 2007ರ ಏಪ್ರಿಲ್‌ನಲ್ಲಿ ಹಾರಿದ ಎರಡನೇ ಮಾದರಿಗೆ 850ರ ಬದಲು 1200 ಅಶ್ವಶಕ್ತಿಯ ಪಿಟಿ6 ಇಂಜಿನ್‌ಗಳನ್ನು ಹಾಕಿದ್ದರು.

ವಿಮಾನ ನಾಗರಿಕ ಬಳಕೆಗೆ ಅಂತ ಶುರುವಾದದ್ದು, ಆದರೆ ಹಾರಿಸುತ್ತಿದ್ದವರು ವಾಯುಪಡೆಯವರು. ನಮ್ಮಲ್ಲಿ ಹೊಸ ವಿಮಾನವನ್ನು ಮೊದಲ ಸಲ ಹಾರಿಸಿ ಅದರ ಗುಣದೋಷ ಹೇಳುವ ತರಬೇತಿ ಪಡೆದವರು ಬಹುಪಾಲು ವಾಯುಪಡೆಯ ಬೆಂಗಳೂರಿನ ಪರೀಕ್ಷಾ ಸಂಸ್ಥೆ 'ಆಸ್ಟೆ'ಯಿಂದ ಬಂದವರು. ಅವತ್ತು ಕಾಕ್‌ಪಿಟ್‌ನಲ್ಲಿದ್ದವರು ವಿಂಗ್ ಕಮಾಂಡರ್ ಪ್ರವೀಣ್ ಕೋಟೆಕೊಪ್ಪ ಮತ್ತು ವಿಂಗ್ ಕಮಾಂಡರ್ ದೀಪೇಶ್ ಶಾ. ಜೊತೆಗೆ ಪರೀಕ್ಷಾ ಹಾರಾಟದ ಇಂಜಿನಿಯರ್ ಸ್ಕ್ವಾಡ್ರನ್ ಲೀಡರ್ ಇಳೆಯರಾಜ.

ವಿಮಾನ ನೈರುತ್ಯ ದಿಕ್ಕಿಗೆ, ಬಿಡದಿಯ ಕಡೆ ಬಂತು. ಬೇರೆ ಪರೀಕ್ಷೆಗಳು ಮುಗಿದ ಮೇಲೆ ಕೊನೆಯದಾಗಿ ಒಂದು ಇಂಜಿನ್ ಆರಿಸಿ, ಗಾಳಿಯಲ್ಲೇ ಮತ್ತೆ ಹೊತ್ತಿಸಬೇಕಿತ್ತು. ಸಮುದ್ರಮಟ್ಟದಿಂದ ಸುಮಾರು 9000 ಅಡಿ ಎತ್ತರ. ಇಂಜಿನ್ ಆರಿಸಿದರು. ಹೊತ್ತಿಸುವ ಮೊದಲ ಪ್ರಯತ್ನ ಫಲಿಸಲಿಲ್ಲ. ಆಮೇಲೆ ವಿಮಾನ ಬೇಗ ಬೇಗ ಎತ್ತರ ಕಳೆದುಕೊಂಡಿತು, ಹತೋಟಿಗೆ ಸಿಗಲಿಲ್ಲ. ಮೂರೂವರೆ ದಾಟಿದ ಹೊತ್ತಿಗೆ ಶೇಷಗಿರಿಹಳ್ಳಿಯ ಬಯಲಿನಲ್ಲಿ ಬಿದ್ದು ಉರಿದುಹೋಯಿತು. ಮೂವರೂ ಉಳಿಯಲಿಲ್ಲ.

ಚೆನ್ನಾಗಿರೋ ಇಂಜಿನ್‌ನ ಯಾಕೆ ಆರಿಸಬೇಕು?

ಯಾರಿಗಾದರೂ ಬರೋ ಮೊದಲ ಪ್ರಶ್ನೆ ಇದೇ. ಓಡ್ತಿರೋ ಬೈಕನ್ನ ಘಾಟಿ ಇಳಿಜಾರಲ್ಲಿ ಬೇಕಂತ ಆಫ್ ಮಾಡಿದ ಹಾಗಲ್ವಾ?

ಅಲ್ಲ. ನಾಳೆ ಇದೇ ವಿಮಾನದಲ್ಲಿ ಹದಿನಾಲ್ಕು ಜನ ಕೂತಿದ್ದಾಗ ಇಂಜಿನ್ ತಾನಾಗೇ ಆರಿದರೆ ಪೈಲಟ್ ಏನು ಮಾಡಬೇಕು? ಎಷ್ಟು ಎತ್ತರದಲ್ಲಿ, ಎಷ್ಟು ವೇಗದಲ್ಲಿ, ಯಾವ ಕ್ರಮದಲ್ಲಿ ಹೊತ್ತಿಸಿದರೆ ಅದು ಖಂಡಿತ ಹೊತ್ತಿಕೊಳ್ಳುತ್ತೆ? ಇದಕ್ಕೆ ಉತ್ತರವನ್ನ ಲೆಕ್ಕ ಮಾಡಿ ಕೊಟ್ಟರೆ ಸಾಲದು, ಮಾಡಿ ತೋರಿಸಬೇಕು. ಆ ಅಪಾಯವನ್ನ ಪ್ರಯಾಣಿಕರ ಪರವಾಗಿ ಮೊದಲೇ ಹೊರೋರು ಟೆಸ್ಟ್ ಪೈಲಟ್‌ಗಳು.

ಇಂದಿರಾನಗರದ ಕಡೆ ಓಡಾಡೋರಿಗೆ ಸುರಂಜನ್ ದಾಸ್ ರಸ್ತೆ ಗೊತ್ತಿರುತ್ತೆ, ಅಲ್ಲಿನ ಟ್ರಾಫಿಕ್ ಇನ್ನೂ ಚೆನ್ನಾಗಿ ಗೊತ್ತಿರುತ್ತೆ. ಆ ಹೆಸರು ಯಾರದ್ದು ಅಂತ ನಾವು ಕೇಳಿರಲ್ಲ. 1961ರಲ್ಲಿ ನಮ್ಮ ಮೊದಲ ಫೈಟರ್ ಜೆಟ್ ಎಚ್‌ಎಫ್-24 ಮಾರುತ್ ವಿಮಾನವನ್ನು ಮೊದಲ ಸಲ ಹಾರಿಸಿದವರು ಗ್ರೂಪ್ ಕ್ಯಾಪ್ಟನ್ ಸುರಂಜನ್ ದಾಸ್. 1970ರ ಜನವರಿಯಲ್ಲಿ ಅದೇ ಮಾರುತ್‌ನ ಒಂದು ಸುಧಾರಿತ ಮಾದರಿಯ ಪರೀಕ್ಷಾ ಹಾರಾಟದಲ್ಲಿ ಅವರು ತೀರಿಕೊಂಡರು. ಈ ಊರಿನ ಆಕಾಶದಲ್ಲಿ ಈ ಕೆಲಸ ಹಿಂದಿನಿಂದಲೂ ನಡೀತಾ ಇದೆ, ಅದರ ಬೆಲೆಯನ್ನೂ ಕೊಡ್ತಾ ಬಂದಿದ್ದೀವಿ.

ಎರಡು ಫ್ಯಾನಿನ ಲೆಕ್ಕ

ಈಗ ಇಂಜಿನ್ ಒಳಗೆ ಹೋಗೋಣ. ಪಿಟಿ6 'ಫ್ರೀ ಟರ್ಬೈನ್' ಜಾತಿಯದು. ಎರಡು ಟೇಬಲ್ ಫ್ಯಾನ್‌ಗಳನ್ನ ಎದುರುಬದುರು ಇಡಿ. ಒಂದನ್ನ ಮಾತ್ರ ಆನ್ ಮಾಡಿ. ಅದರ ಗಾಳಿಗೆ ಇನ್ನೊಂದೂ ತಿರುಗತ್ತೆ ಅಲ್ವಾ? ಎರಡರ ನಡುವೆ ಶಾಫ್ಟ್ ಇಲ್ಲ, ಗೇರ್ ಇಲ್ಲ, ಬರೀ ಗಾಳಿ. ಪಿಟಿ6 ಒಳಗೂ ಹೀಗೇ. ಕಂಪ್ರೆಸರ್, ಅದನ್ನು ತಿರುಗಿಸುವ ಟರ್ಬೈನ್ ಒಂದು ಶಾಫ್ಟಿನ ಮೇಲೆ. ಅಲ್ಲಿಂದ ಹೊರಬರುವ ಬಿಸಿ ಅನಿಲ ಇನ್ನೊಂದು ಟರ್ಬೈನನ್ನು ತಿರುಗಿಸುತ್ತೆ. ಆ ಎರಡನೆಯದು ಬೇರೆ ಶಾಫ್ಟಿನ ಮೇಲಿದ್ದು, ಗೇರ್‌ಬಾಕ್ಸ್ ಮೂಲಕ ಪ್ರೊಪೆಲ್ಲರನ್ನು ತಿರುಗಿಸುತ್ತೆ.

ಇದರಿಂದ ಒಂದು ದೊಡ್ಡ ಪರಿಣಾಮ ಇದೆ. ಬೈಕಿನ ಬ್ಯಾಟರಿ ಹೋದರೆ ಗೇರ್ ಹಾಕಿ ತಳ್ಳಿ ಸ್ಟಾರ್ಟ್ ಮಾಡ್ತೀವಿ. ಚಕ್ರ ತಿರುಗಿದರೆ ಇಂಜಿನ್ ತಿರುಗತ್ತೆ, ಯಾಕಂದ್ರೆ ನಡುವೆ ಗಟ್ಟಿ ಸಂಪರ್ಕ ಇದೆ. ಪಿಟಿ6ನಲ್ಲಿ ಆ ಸಂಪರ್ಕ ಇಲ್ಲ. ಎದುರು ಗಾಳಿಗೆ ಪ್ರೊಪೆಲ್ಲರ್ ಎಷ್ಟೇ ಗಿರಗಿರ ತಿರುಗಿದರೂ ಕಂಪ್ರೆಸರ್‌ನ ತಿರುಗಿಸಿ ಕೊಡಲ್ಲ. ಅಂದರೆ, ಆರಿಸಿದ ಇಂಜಿನ್ ಪಕ್ಕದ ಪ್ರೊಪೆಲ್ಲರ್ ತಿರುಗೋದರಿಂದ ಹೊತ್ತಿಸೋಕೆ ಲಾಭ ಇಲ್ಲ, ನಷ್ಟ ಮಾತ್ರ ಬೇಕಾದಷ್ಟಿದೆ.

ಆ ನಷ್ಟ ಎಷ್ಟು?

ಈ ಪ್ರೊಪೆಲ್ಲರಿನ ಬ್ಲೇಡುಗಳು ತಮ್ಮ ಕೋನ ಬದಲಿಸಬಲ್ಲವು. ಇಂಜಿನ್ ಆರಿದಾಗ ಬ್ಲೇಡಿನ ಅಂಚು ಗಾಳಿಗೆ ಎದುರಾಗುವ ಹಾಗೆ ತಿರುಗಿಸಿಬಿಡ್ತಾರೆ. ಇದಕ್ಕೆ 'ಫೆದರ್' ಮಾಡೋದು ಅಂತಾರೆ. ಓಡ್ತಿರೋ ಬಸ್ಸಿನ ಕಿಟಕಿಯಿಂದ ಕೈ ಚಾಚಿದಾಗ (ಚಾಚಬೇಡಿ, ಉದಾಹರಣೆಗೆ ಹೇಳಿದ್ದು) ಅಂಗೈ ಮಲಗಿಸಿದರೆ ಗಾಳಿ ಸುಮ್ಮನೆ ಜಾರಿಹೋಗುತ್ತೆ, ಅಂಗೈ ಎದುರು ಹಿಡಿದರೆ ತೋಳೇ ಹಿಂದಕ್ಕೆ ಹೋಗುತ್ತೆ. ಫೆದರ್ ಆದ ಬ್ಲೇಡು ಮಲಗಿಸಿದ ಅಂಗೈ. ಫೆದರ್‌ನಿಂದ ಹೊರಬಂದು, ಇಂಜಿನ್ನಿನಿಂದ ಶಕ್ತಿಯೂ ಇಲ್ಲದೆ, ಗಾಳಿಗೆ ತಿರುಗುತ್ತಿರುವ ಬ್ಲೇಡು ಎದುರು ಹಿಡಿದ ಅಂಗೈ.

ಒಂದು ಹಾಳೆ ತಗೊಂಡು ಲೆಕ್ಕ ಮಾಡಿಯೇ ಬಿಡೋಣ. ಇವು ಸಾರಸ್‌ನ ಅಂಕಿಗಳಲ್ಲ, ನಾವು ಕ್ಲಾಸಿನ ಲೆಕ್ಕಕ್ಕೆ ಇಟ್ಟುಕೊಂಡವು. ಪ್ರೊಪೆಲ್ಲರಿನ ವ್ಯಾಸ 2.5 ಮೀಟರ್, ಅಂದರೆ ಅದರ ವೃತ್ತದ ವಿಸ್ತೀರ್ಣ 4.9 ಚದರ ಮೀಟರ್. ವೇಗ ಸೆಕೆಂಡಿಗೆ 65 ಮೀಟರ್. 9000 ಅಡಿಯಲ್ಲಿ ಗಾಳಿಯ ಸಾಂದ್ರತೆ ಘನ ಮೀಟರಿಗೆ ಸುಮಾರು 0.93 ಕಿಲೋಗ್ರಾಂ. ಅರ್ಧ × ಸಾಂದ್ರತೆ × ವೇಗದ ವರ್ಗ ಅಂತ ಮಾಡಿದರೆ ಒತ್ತಡ ಸುಮಾರು 1960 ಪ್ಯಾಸ್ಕಲ್. ವಿಸ್ತೀರ್ಣದಿಂದ ಗುಣಿಸಿದರೆ 9600 ನ್ಯೂಟನ್. ಎಲ್ಲವೂ ಡ್ರ್ಯಾಗ್ ಆಗಲ್ಲ, ಅರ್ಧ ಆಗುತ್ತೆ ಅಂದ್ಕೊಳ್ಳಿ. 4800 ನ್ಯೂಟನ್. ಸುಮಾರು ಐದು ಕ್ವಿಂಟಾಲ್ ತೂಕದಷ್ಟು ಬಲ, ವಿಮಾನವನ್ನ ಹಿಂದಕ್ಕೆ ಎಳೀತಾ ಇದೆ.

ವಿಮಾನದ ತೂಕ 6500 ಕಿಲೋ ಅಂತ ಇಟ್ಟುಕೊಂಡರೆ, ಅದೇ ವೇಗ ಉಳಿಸಿಕೊಳ್ಳೋಕೆ ಈ ಒಂದು ಡ್ರ್ಯಾಗಿನ ಸಲುವಾಗಿಯೇ ಸೆಕೆಂಡಿಗೆ ಸುಮಾರು 5 ಮೀಟರ್ ಕೆಳಗಿಳಿಯಬೇಕು. ಅಂದರೆ ನಿಮಿಷಕ್ಕೆ ಹತ್ತಿರತ್ತಿರ 960 ಅಡಿ. ಇಳಿಯಬಾರದು ಅಂದ್ರೆ ಇನ್ನೊಂದು ಇಂಜಿನ್ ಹೆಚ್ಚುವರಿಯಾಗಿ 312 ಕಿಲೋವ್ಯಾಟ್ ಕೊಡಬೇಕು, ಸುಮಾರು 420 ಅಶ್ವಶಕ್ತಿ. ಕೊಡಲಿ ಬಿಡಿ ಅಂತೀರಾ? ಒಂದೇ ಪಕ್ಕದ ಇಂಜಿನ್ ಜೋರು ಮಾಡಿದಷ್ಟೂ ವಿಮಾನದ ಮೂಗು ಸತ್ತ ಇಂಜಿನ್ ಕಡೆಗೆ ತಿರುಗುತ್ತೆ. ಅದನ್ನು ತಡೆಯೋದು ರಡ್ಡರ್. ರಡ್ಡರಿನ ಬಲ ವೇಗದ ವರ್ಗಕ್ಕೆ ತಕ್ಕಂತೆ ಇರುತ್ತೆ. ಎತ್ತರ ಉಳಿಸೋಕೆ ಅಂತ ಮೂಗು ಎತ್ತಿದರೆ ವೇಗ ಬೀಳುತ್ತೆ, ವೇಗ ಬಿದ್ದರೆ ರಡ್ಡರ್ ಸೋಲುತ್ತೆ. ಒಂದು ಮಿತಿ ದಾಟಿದ ಮೇಲೆ ವಿಮಾನ ಪೈಲಟ್ಟಿನ ಮಾತು ಕೇಳಲ್ಲ.

ಹೀಗಾಗಿ ಇಂಜಿನ್ ಮತ್ತೆ ಹೊತ್ತಿಸುವಾಗ ಪ್ರೊಪೆಲ್ಲರ್ ಯಾವ ಸ್ಥಿತಿಯಲ್ಲಿರಬೇಕು, ಯಾವ ಕ್ಷಣದಲ್ಲಿ ಅದನ್ನ ಫೆದರ್‌ನಿಂದ ಹೊರತರಬೇಕು ಅನ್ನೋದು ಸಣ್ಣ ವಿವರ ಅಲ್ಲ. ಪ್ರಾಣ ಅದರ ಮೇಲೇ ನಿಂತಿರುತ್ತೆ.

9000 ಅಡಿ ಅಂದ್ರೆ ಎಷ್ಟು ಅಡಿ?

ಇನ್ನೊಂದು ವಿಷಯ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಎಲ್ಲ ದಖ್ಖನ್ ಪ್ರಸ್ಥಭೂಮಿಯ ಮೇಲಿರೋ ಊರುಗಳು. ಇಲ್ಲಿನ ನೆಲವೇ ಸಮುದ್ರಮಟ್ಟದಿಂದ ಸುಮಾರು 2500 ಅಡಿ ಮೇಲಿದೆ. ಮೀಟರಿನಲ್ಲಿ 9000 ಅಂತ ತೋರಿಸಿದರೂ ಕಾಲ ಕೆಳಗೆ ಇರೋದು 6500 ಅಡಿ ಮಾತ್ರ. ಅದರಲ್ಲೂ ಕೊನೆಯ ಒಂದೆರಡು ಸಾವಿರ ಅಡಿ ಲೆಕ್ಕಕ್ಕಿಲ್ಲ, ಅಷ್ಟರೊಳಗೆ ವಿಮಾನ ಹತೋಟಿಗೆ ಬಂದಿರಲೇಬೇಕು. ಒಂದು ಸಲ ಹೊತ್ತಿಸಲು ಹೋಗಿ, ಅದು ಆಗದೆ, ಎರಡನೇ ಸಲಕ್ಕೆ ಸಿದ್ಧವಾಗೋ ಹೊತ್ತಿಗೆ ಕೈಯಲ್ಲಿರೋ ಎತ್ತರ ಎಷ್ಟು ಉಳಿದಿರುತ್ತೆ, ನೀವೇ ಹೇಳಿ.

ಚೆನ್ನೈ ಪಕ್ಕದ ಸಮುದ್ರದ ಮೇಲೆ ಸಾಕಾಗುವ ಅಂಕಿ ರಾಮನಗರದ ಬೆಟ್ಟಗಳ ಮೇಲೆ ಸಾಕಾಗಲ್ಲ. ಪರೀಕ್ಷೆಯ ಯೋಜನೆಯಲ್ಲಿ 'ಎತ್ತರ' ಅಂತ ಬರೆದಾಗ ಎಲ್ಲಿಂದ ಅಳೆದದ್ದು ಅಂತ ಕೇಳೋದು ಕುಚೋದ್ಯ ಅಲ್ಲ, ಕೆಲಸ.

ಹೆಲಿಕಾಪ್ಟರ್ ಆಗಿದ್ದರೆ?

ನಮ್ಮ ಗೆಳೆಯ ಆಟೋದಲ್ಲಿ ಕೇಳಿದ ಪ್ರಶ್ನೆಗೂ ಇಲ್ಲೇ ಉತ್ತರ ಹೇಳಿಬಿಡ್ತೀನಿ. ಹೆಲಿಕಾಪ್ಟರ್‌ನಲ್ಲಿ ಇಂಜಿನ್ ಆರಿದರೆ ಪೈಲಟ್ ತಕ್ಷಣ ಬ್ಲೇಡುಗಳ ಕೋನ ಇಳಿಸಿ, ಕೆಳಗಿನಿಂದ ಬರುವ ಗಾಳಿಗೆ ರೋಟರ್ ತಾನಾಗೇ ತಿರುಗುವಂತೆ ಬಿಡ್ತಾನೆ. ಇದಕ್ಕೆ ಆಟೊರೊಟೇಶನ್ ಅಂತಾರೆ. ತಿರುಗುವ ರೋಟರಿನಲ್ಲಿ ಕೂಡಿಟ್ಟ ಶಕ್ತಿಯನ್ನ ನೆಲ ಹತ್ತಿರ ಬಂದಾಗ ಒಮ್ಮೆಲೇ ಬಳಸಿ ಮೆಲ್ಲಗೆ ಇಳಿಸ್ತಾನೆ. ಗಾಳಿಗೆ ತಿರುಗುವ ಅದೇ ಬ್ಲೇಡು ವಿಮಾನದಲ್ಲಿ ಹೊರೆ, ಹೆಲಿಕಾಪ್ಟರ್‌ನಲ್ಲಿ ಪ್ರಾಣ ಕಾಯೋದು. ಭೌತಶಾಸ್ತ್ರ ಒಂದೇ, ಎಲ್ಲಿ ಬಳಸ್ತೀವಿ ಅನ್ನೋದು ಬೇರೆ.

ಆದರೆ 'ನೆಲ ಹತ್ತಿರ ಬಂದಾಗ' ಅನ್ನೋದು ಹಗಲಲ್ಲಿ ಸುಲಭ, ರಾತ್ರಿಯಲ್ಲಲ್ಲ. ಸೈನ್ಯದವರು ರಾತ್ರಿ ಹಾರಾಟ ಕಲಿಯೋವಾಗ ಹಾಕುವ ನೈಟ್ ವಿಷನ್ ಕನ್ನಡಕ ಕತ್ತಲಲ್ಲಿ ದಾರಿ ತೋರಿಸುತ್ತೆ ನಿಜ. ಆದರೆ ಅದರ ನೋಟದ ಅಗಲ ಸಾಮಾನ್ಯವಾಗಿ 40 ಡಿಗ್ರಿ ಅಷ್ಟೇ, ದೂರದ ಅಂದಾಜೂ ಸರಿಯಾಗಿ ಸಿಗಲ್ಲ. ದಿಗಂತ ಕಾಣದಿದ್ದಾಗ ನಮ್ಮ ಒಳಕಿವಿಯೇ ಸುಳ್ಳು ಹೇಳುತ್ತೆ. ನಿಧಾನವಾಗಿ ವಾಲುತ್ತಿದ್ದರೂ ನೇರ ಇದ್ದೀವಿ ಅನ್ನಿಸುತ್ತೆ. ಅದಕ್ಕೇ ರಾತ್ರಿ ತರಬೇತಿಯಲ್ಲಿ ಮೊದಲ ಪಾಠ: ಮೈಗೆ ಅನ್ನಿಸಿದ್ದನ್ನ ನಂಬಬೇಡ, ಉಪಕರಣ ನಂಬು. ಸಾರಸ್ ಬಿದ್ದದ್ದು ಬಿಸಿಲಿನ ಹೊತ್ತಲ್ಲಿ. ಅಲ್ಲಿ ಕಾಣದೇ ಹೋದದ್ದು ಬೇರೆ.

ತನಿಖೆ ಹೇಳಿದ್ದೇನು

ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, ತನಿಖೆ ಮಾಡಿತು. ವರದಿಯ ತಿರುಳು ಇಷ್ಟು. ವಿನ್ಯಾಸಕರು ರೂಪಿಸಿದ್ದ, ಸಿಬ್ಬಂದಿ ಅನುಸರಿಸಿದ ರಿಲೈಟ್ ವಿಧಾನವೇ ಸರಿಯಿರಲಿಲ್ಲ. ಅದನ್ನು ಮಾಡಿದ ಎತ್ತರವೂ ಸಾಲದಾಗಿತ್ತು. ಇದರಿಂದ ವಿಮಾನ ಬೇಗ ಎತ್ತರ ಕಳೆದುಕೊಂಡು ಅಸಹಜವಾಗಿ ವರ್ತಿಸಿತು.

ಇದಕ್ಕೆ ಒತ್ತಾಸೆಯಾದ ಕಾರಣಗಳನ್ನೂ ಹೇಳಿದರು. ಕಾಕ್‌ಪಿಟ್ಟಿನೊಳಗಿನ ಹೊಂದಾಣಿಕೆ ಮತ್ತು ಕಾರ್ಯವಿಧಾನದಲ್ಲಿನ ಕೊರತೆ, ನಿಯಂತ್ರಣಗಳನ್ನು ಬಳಸಿದ ರೀತಿ. ಮೊದಲ ಪ್ರಯತ್ನ ವಿಫಲವಾದ ಮೇಲೆ, ಪರೀಕ್ಷಾ ನಿರ್ದೇಶಕರ ಜೊತೆ ಮಾತಾಡಿ ಹಾರಾಟವನ್ನು ಅಲ್ಲಿಗೇ ನಿಲ್ಲಿಸದೆ ಇದ್ದದ್ದು. ಮತ್ತೆ, ಪ್ರೊಪೆಲ್ಲರ್ ತಯಾರಕರನ್ನು ಕೇಳದೆಯೇ ರಿಲೈಟ್ ವಿಧಾನ ರೂಪಿಸಿದ್ದು.

ಈ ಕೊನೆಯ ಸಾಲನ್ನ ಇನ್ನೊಂದು ಸಲ ಓದಿ. ಇಂಜಿನ್ ಒಂದು ದೇಶದ್ದು, ಪ್ರೊಪೆಲ್ಲರ್ ಇನ್ನೊಂದು ದೇಶದ್ದು, ವಿಮಾನ ನಮ್ಮದು. ಮೂರೂ ತಮ್ಮ ತಮ್ಮ ಮಟ್ಟಿಗೆ ಸರಿಯಾಗೇ ಇರಬಹುದು. ಆದರೆ ಮೂರೂ ಸೇರೋ ಜಾಗ ಯಾರದ್ದು? ನಮ್ಮ ಪ್ರಾಜೆಕ್ಟುಗಳಲ್ಲೂ ಇದೇ ಕತೆ ತಾನೆ. ಮೋಟರ್ ಹುಡುಗರು ನಮ್ಮದು ಸರಿ ಇದೆ ಅಂತಾರೆ, ಕೋಡ್ ಹುಡುಗರು ನಮ್ಮದು ಸರಿ ಇದೆ ಅಂತಾರೆ, ಡೆಮೊ ದಿನ ಎರಡೂ ಸೇರಿಸಿದಾಗ ಹೊಗೆ ಬರುತ್ತೆ. ನಮಗೆ ಹೋಗೋದು ಮಾರ್ಕ್ಸು. ಅಲ್ಲಿ ಹೋದದ್ದು ಮೂರು ಜೀವ.

ನಿಲ್ಲಿಸೋ ಸಾಲು

'ಪೈಲಟ್ ತಪ್ಪು' ಅಂದುಬಿಡೋದು ಸುಲಭ. ಅವರು ವಾಪಸ್ ಬಂದು ತಮ್ಮ ಮಾತು ಹೇಳಲಾರರು. 'ವಿನ್ಯಾಸಕರ ತಪ್ಪು' ಅಂದು ಕೈ ತೊಳೆಯೋದೂ ಸುಲಭ. ವರದಿ ಎರಡನ್ನೂ ಹೇಳಿದೆ, ಆದರೆ ಮೊದಲು ಹೆಸರಿಸಿದ್ದು ವಿಧಾನವನ್ನ. ತಪ್ಪು ದಾರಿ ತೋರಿಸೋ ಫಲಕ ನೆಟ್ಟವರು ನೆಲದ ಮೇಲೆ ಇದ್ದರು, ಆ ದಾರಿಯಲ್ಲಿ ಹೋದವರು ಗಾಳಿಯಲ್ಲಿದ್ದರು.

ನನಗೆ ಅತಿ ಮುಖ್ಯ ಅನ್ನಿಸಿದ್ದು 'ಮೊದಲ ಪ್ರಯತ್ನ ವಿಫಲವಾದ ಮೇಲೆ' ಅನ್ನೋ ಮಾತು. ಎಲ್ಲಿ ನಿಲ್ಲಿಸಬೇಕು ಅನ್ನೋದನ್ನ ನೆಲದ ಮೇಲೆ, ತಣ್ಣಗೆ ಕೂತು, ಮೊದಲೇ ಬರೆದಿಡಬೇಕು. ಇಷ್ಟು ಅಡಿಗಿಂತ ಕೆಳಗೆ ಬಂದರೆ, ಇಷ್ಟು ಸೆಕೆಂಡಿನಲ್ಲಿ ಹೊತ್ತಿಕೊಳ್ಳದಿದ್ದರೆ, ಫೆದರ್ ಮಾಡಿ, ಒಂದೇ ಇಂಜಿನ್ನಿನಲ್ಲಿ ಮನೆಗೆ ಬಾ. ಇನ್ನೊಂದು ಸಲ ನೋಡೋಣ ಅನ್ನೋ ಆಸೆ ಎಲ್ಲರಿಗೂ ಇರುತ್ತೆ, ಅದು ಧೈರ್ಯದಂತೆಯೇ ಕಾಣುತ್ತೆ. ಕೆಲಸದ ಮಧ್ಯೆ ಇದ್ದಾಗ ಆಸೆ ಯಾವುದು ಲೆಕ್ಕ ಯಾವುದು ಅಂತ ತಿಳಿಯೋದು ಕಷ್ಟ. ಮೊದಲೇ ಬರೆದ ಒಂದು ಸಾಲು ಆ ಹೊತ್ತಿನಲ್ಲಿ ನಮ್ಮ ಪರವಾಗಿ ಯೋಚನೆ ಮಾಡಿರುತ್ತೆ.

ನಮ್ಮ ಲ್ಯಾಬ್ ಮ್ಯಾನ್ಯುಯಲ್‌ನಲ್ಲಿ ಹಂತ ಒಂದರಿಂದ ಹನ್ನೆರಡರವರೆಗೂ ಏನು ಮಾಡಬೇಕು ಅಂತ ಇದೆ. ಯಾವಾಗ ನಿಲ್ಲಿಸಬೇಕು ಅಂತ ಎಷ್ಟರಲ್ಲಿದೆ? ನಾನು ಹುಡುಕಿದೆ. ಹೆಚ್ಚು ಸಿಗಲಿಲ್ಲ. ಈ ಸಲ ನಮ್ಮ ತಂಡದ ಪ್ರಾಜೆಕ್ಟಿಗೆ ಆ ಸಾಲನ್ನ ನಾವೇ ಸೇರಿಸಿದ್ದೀವಿ. ಬ್ಯಾಟರಿ ಇಷ್ಟು ಬಿಸಿಯಾದರೆ, ಯಾರು ಏನೇ ಹೇಳಿದರೂ, ಸ್ವಿಚ್ ಆಫ್.

ಅಪಘಾತದ ನಂತರ ಸಾರಸ್ ಯೋಜನೆ ಬಹಳ ವರ್ಷ ನಿಂತುಹೋಯಿತು. ಮೊದಲ ಮಾದರಿಯನ್ನೇ ತಿದ್ದಿ, 2018ರ ಜನವರಿ 24ರಂದು ಮತ್ತೆ ಬೆಂಗಳೂರಿನಿಂದ ಹಾರಿಸಿದರು. ಹಾರಿಸಿದವರು ಮತ್ತೆ ವಾಯುಪಡೆಯ ಟೆಸ್ಟ್ ಪೈಲಟ್‌ಗಳೇ. ಒಂಬತ್ತು ವರ್ಷದ ಹಿಂದೆ ಏನಾಗಿತ್ತು ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಹತ್ತಿದರು.

ಮುಂದಿನ ಸಲ ಬಿಡದಿಗೆ ಹೋದಾಗ ಇಡ್ಲಿ ತಿನ್ನಿ, ನೀರಲ್ಲಿ ಆಡಿ. ಬರೋವಾಗ ಒಂದು ನಿಮಿಷ ಶೇಷಗಿರಿಹಳ್ಳಿಯ ಕಡೆ ತಿರುಗಿ ಕೋಟೆಕೊಪ್ಪ, ಶಾ, ಇಳೆಯರಾಜ ಅಂತ ಆ ಮೂರು ಹೆಸರು ನೆನೆಸಿಕೊಳ್ಳಿ. ಆಮೇಲೆ ನಿಮ್ಮ ಪ್ರಾಜೆಕ್ಟಿನ ಫೈಲ್ ತೆಗೆದು, ನಿಲ್ಲಿಸೋ ಸಾಲು ಇದೆಯಾ ಅಂತ ನೋಡಿ.